ಮಿಲ್ಲಿನ ಪಕ್ಕದ ಮಾತಿನ ಕೋಣೆ

ಇಂದು ಕೊಣನೂರಿನಲ್ಲಿ ಸಂತೆ. ಬೆಳಕು ಇನ್ನೂ ಪೂರ್ತಿ ಹರಿದಿಲ್ಲ, ಆಗಲೇ ಬೀದಿಯಲ್ಲಿ ತರಕಾರಿ ಮೂಟೆಗಳು ಇಳಿಯುತ್ತಿವೆ. ರಾಗಿ ಮಿಲ್ಲಿಗೆ ಅಂಟಿಕೊಂಡ ಸಣ್ಣ ಮಳಿಗೆಯ ಶೆಟರ್ ಎತ್ತಿ ನೀಲಾಂಬಿಕೆ ಒಳಗೆ ಬರುತ್ತಾರೆ. ಬೇರೆಯವರು ಅಂಗಡಿ ತೆರೆದರೆ ಮೊದಲು ದೇವರ ಪಟಕ್ಕೆ ಊದುಬತ್ತಿ ಹಚ್ಚುತ್ತಾರೆ. ಇವರು ಮೊದಲು ಮೈಕಿನ ಮೇಲೆ ಕೂತ ಹಿಟ್ಟು ಒರೆಸುತ್ತಾರೆ, ದೇವರ ಸರದಿ ಆಮೇಲೆ. ಗೋಡೆಯಾಚೆ ಬೀಸಿದ ರಾಗಿ ಯಾವ ಸಂದಿಯಿಂದ ನುಗ್ಗುತ್ತದೋ, ಕೀಲಿಮಣೆ, ಕುರ್ಚಿ, ಕಂಪ್ಯೂಟರಿನ ಪರದೆ ಎಲ್ಲದರ ಮೇಲೂ ತೆಳ್ಳಗೆ ಹರಡಿಕೊಂಡಿರುತ್ತದೆ.

ಒರೆಸಿಯಾದ ಮೇಲೆ ಹೆಡ್‌ಫೋನ್ ಕಿವಿಗೇರುತ್ತದೆ. "ರಾಗಿ, ಹುರುಳಿ, ಅವರೆಕಾಯಿ" ಎಂದು ಮೈಕಿಗೆ ಹೇಳಿ, ಹೇಳಿದ್ದನ್ನೇ ತಿರುಗಿಸಿ ಕೇಳುತ್ತಾರೆ. ಹಲೋ ಹಲೋ ಎಂದು ಪರೀಕ್ಷೆ ಮಾಡುವುದು ಅವರಿಗೆ ಹಿಡಿಸುವುದಿಲ್ಲ. ಹಲೋದಲ್ಲಿ ಮೈಕಿನ ಗುಣ ಗೊತ್ತಾಗುವುದಿಲ್ಲವಂತೆ, ಅವರೆಕಾಯಿಯಲ್ಲಿ ಗೊತ್ತಾಗುತ್ತದಂತೆ. ಯಾಕೆಂದು ಕೇಳಿದರೆ ಅವರೇ ತಲೆ ಕೆರೆದುಕೊಳ್ಳುತ್ತಾರೆ.

ಇವತ್ತು ಅವರೆಕಾಯಿ ಚೆನ್ನಾಗಿಯೇ ಕೇಳುತ್ತಿದೆ. ಆದರೂ ನೀಲಾಂಬಿಕೆಯ ಹುಬ್ಬಿನ ಗಂಟು ಸಡಿಲವಾಗಿಲ್ಲ. ಹತ್ತು ಗಂಟೆಗೆ ತಮ್ಮಯ್ಯ ಬರಬೇಕು. ಗಂಟಲಿನ ಕಾಯಿಲೆಯಿಂದ ಧ್ವನಿಪೆಟ್ಟಿಗೆಯನ್ನೇ ತೆಗೆಸಿಕೊಂಡವರು ಅವರು. ಈಗ ಒಂದು ಪುಟ್ಟ ಯಂತ್ರ ಹಿಡಿದು ಮಾತಾಡುವುದನ್ನು ಕಲಿಯುತ್ತಿದ್ದಾರೆ. ಕಲಿಸುವ ನೇತ್ರಾ ಹಾಸನದ ಆಸ್ಪತ್ರೆಯೊಂದರಲ್ಲಿದ್ದಾರೆ, ಪಾಠ ನಡೆಯುವುದು ಈ ಕೋಣೆಯ ಕಂಪ್ಯೂಟರಿನಲ್ಲಿ. ನಡೆಯುತ್ತದೆ ಎನ್ನುವುದೇ ತಪ್ಪು. ತಮ್ಮಯ್ಯ ತುಟಿ ಆಡಿಸುತ್ತಾರೆ, ಹಾಸನಕ್ಕೆ ದನಿ ತಲುಪುವುದಿಲ್ಲ. ಇವತ್ತೂ ತಲುಪದಿದ್ದರೆ ಕಂಪ್ಯೂಟರ್ ಪಾಠ ಸಾಕು, ಆಸ್ಪತ್ರೆಗೇ ಬರಲಿ ಎಂದು ನೇತ್ರಾ ಹೇಳಿದ್ದಾರೆ. ತಮ್ಮಯ್ಯ ಬಸ್ ಹತ್ತುವುದಿಲ್ಲ ಎಂದು ಹಟ ಹಿಡಿದಿದ್ದಾರೆ. ಅಂದರೆ ಇವತ್ತು ಕೇಳಿಸದಿದ್ದರೆ ಆ ಮನುಷ್ಯ ಮಾತಿನ ಆಸೆಯನ್ನೇ ಬಿಟ್ಟಂತೆ.

ಇದೆಲ್ಲ ಈಗ ಗೋಡೆಯಾಚೆಯ ಬಸವರಾಜು ಕೈಯಲ್ಲಿದೆ. ಮಿಲ್ಲು ಅವರದು. ಸಂತೆಯ ದಿನ, ಜನ ಮುಕುರಿಕೊಳ್ಳುವ ಹೊತ್ತಿನಲ್ಲಿ, ಸ್ವಲ್ಪ ಕಾಲ ಮಿಲ್ಲು ನಿಲ್ಲಿಸಿ ಎಂದು ನೀಲಾಂಬಿಕೆ ಕೇಳಿಕೊಂಡಿದ್ದಾರೆ. ಅದಕ್ಕೆ ಬಂದ ಉತ್ತರ "ನೋಡಣ". ಈ ಕಡೆ ‘ನೋಡಣ’ ಎಂದರೆ ಹೂಂ ಕೂಡ ಆಗಬಹುದು, ಊಹೂಂ ಕೂಡ ಆಗಬಹುದು. ಯಾವುದೆಂದು ತಿಳಿಯದೆ ನೀಲಾಂಬಿಕೆ ಬೆಳಗಿನಿಂದ ಆ ಗೋಡೆಯನ್ನೇ ನೋಡುತ್ತಿದ್ದಾರೆ.

ಶಾಂತಿಗ್ರಾಮದ ಹತ್ತಿರದ ಹಳ್ಳಿಯಲ್ಲಿ ಹುಟ್ಟಿದ ನೀಲಾಂಬಿಕೆ ಮದುವೆಯಾಗಿ ಬಂದದ್ದು ಕೊಣನೂರಿಗೆ. ಗಂಡ ರಜನೀಶ್ ಲಗೇಜ್ ಆಟೋ ಓಡಿಸುತ್ತಾರೆ. ಅರಕಲಗೂಡಿನ ಪತ್ರ ಬರಹಗಾರರೊಬ್ಬರ ಬಳಿ ಟೈಪಿಂಗ್ ಮಾಡುತ್ತಿದ್ದ ನೀಲಾಂಬಿಕೆಗೆ ದಿನಾ ಬಸ್ಸಿನಲ್ಲಿ ಓಡಾಡಿ ಸಾಕಾಗಿತ್ತು. ಒಂದು ಕಂಪ್ಯೂಟರ್ ಇಟ್ಟುಕೊಂಡು ಅರ್ಜಿ ತುಂಬುವುದು, ಜೆರಾಕ್ಸ್ ಮಾಡುವುದು ಎಂದು ಶುರುಮಾಡಿದರು. ಮಿಲ್ಲಿನ ಪಕ್ಕದ ಮಳಿಗೆಗೆ ಬಾಡಿಗೆ ಕಡಿಮೆ ಎಂದು ಹಿರಿಹಿರಿ ಹಿಗ್ಗಿದ್ದರು. ಯಾಕೆ ಕಡಿಮೆ ಎಂಬುದು ಮಿಲ್ಲು ಶುರುವಾದ ಮೇಲೆ ಗೊತ್ತಾಯಿತು. ಮೇಜಿನ ಮೇಲಿನ ಪೆನ್ನು ತಾನಾಗಿ ಉರುಳಿ ಕೆಳಗೆ ಬಿದ್ದಿತ್ತು.

ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿ ಪಾಠವೆಲ್ಲ ಕಂಪ್ಯೂಟರಿಗೆ ಬಂದಾಗ, ಸುತ್ತಲಿನ ಹಳ್ಳಿಗಳ ಮಕ್ಕಳು ಇಲ್ಲಿಗೆ ಬಂದು ಕೂತರು. ಆ ಕಡೆಯ ಮೇಷ್ಟ್ರು ಪಾಠ ನಿಲ್ಲಿಸಿ, ಯಾರಮ್ಮ ಅಲ್ಲಿ ಲಾರಿ ಓಡಿಸ್ತಿರೋದು ಎಂದು ಕೇಳಿದರಂತೆ. ಆವತ್ತಿನಿಂದ ನೀಲಾಂಬಿಕೆಗೆ ಸದ್ದಿನ ಹುಚ್ಚು ಹಿಡಿಯಿತು. ಮಳಿಗೆಯ ಹಿಂಭಾಗಕ್ಕೆ ಅಡ್ಡಗೋಡೆ ಹಾಕಿಸಿ ಮಾತಿಗೆಂದೇ ಒಂದು ಕೋಣೆ ಮಾಡಿದರು. ಗೋಡೆಗೆ ಹಳೆಯ ಕೌದಿ ನೇತುಹಾಕಿದರು. ಗೋಣಿಚೀಲದಲ್ಲಿ ನೆಲ್ಲುಹುಲ್ಲು ತುಂಬಿ ಕಿಟಕಿಗೆ ಒತ್ತಿದರು. ಮೊಟ್ಟೆಯ ಟ್ರೇ ಅಂಟಿಸಿದರೆ ಸದ್ದು ನಿಲ್ಲುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಕೋಳಿ ಅಂಗಡಿಯ ಮುಂದೆ ನಿಂತರು. ಮೊಟ್ಟೆ ಮುಟ್ಟದ ಮನೆಯ ಹೆಂಗಸು ಅಲ್ಲಿ ನಿಂತದ್ದು ಬೀದಿಗೆಲ್ಲ ಸುದ್ದಿಯಾಯಿತು, ಮಿಲ್ಲಿನ ಸದ್ದು ಮಾತ್ರ ಜಗ್ಗಲಿಲ್ಲ.

ಬರುವ ಜನರದ್ದೂ ಒಂದು ತರಲೆ. ದೂರದವರ ಜೊತೆ ಜೋರಾಗಿ ಮಾತಾಡಬೇಕು ಎಂಬ ಲೆಕ್ಕ ಎಲ್ಲರ ತಲೆಯಲ್ಲೂ ಕೂತಿದೆ. ಅರಕಲಗೂಡಿಗಾದರೆ ಮೆಲ್ಲಗೆ, ಹಾಸನಕ್ಕೆ ಸ್ವಲ್ಪ ಗಟ್ಟಿಯಾಗಿ, ಬೆಂಗಳೂರಿಗೆ ಹೊಲದ ಆಚೆ ಬದಿಯವರನ್ನು ಕರೆದ ಹಾಗೆ. ದುಬೈಗೆ ಮಾತಾಡಲು ಬಂದವರೊಬ್ಬರು ಕೂಗಿದ ರಭಸಕ್ಕೆ ಮಿಲ್ಲಿನ ಸಾಲಿನಲ್ಲಿದ್ದವರು ಚೀಲ ಬಿಟ್ಟು ಓಡಿಬಂದರಂತೆ. ಮೈಕಿನಿಂದ ಒಂದು ಗೇಣು ದೂರ ಕೂರಿ, ಪಕ್ಕದಲ್ಲಿ ಕೂತವರ ಜೊತೆ ಆಡಿದ ಹಾಗೆ ಆಡಿ ಎಂದು ನೀಲಾಂಬಿಕೆ ದಿನಕ್ಕೆ ಹತ್ತಾರು ಸಲ ಹೇಳುತ್ತಾರೆ. ಉಸಿರು ಮೈಕಿಗೆ ಬಡಿಯದಿರಲಿ ಎಂದು ಅದಕ್ಕೆ ಮಗುವಿನ ಕೆಂಪು ಕಾಲುಚೀಲ ತೊಡಿಸಿದ್ದಾರೆ. ಡಾಕ್ಟರ ಸಲಹೆ, ಕೆಲಸದ ಸಂದರ್ಶನ, ಗಂಡು ಹೆಣ್ಣಿನ ಮೊದಲ ಮಾತುಕತೆ, ಎಲ್ಲವೂ ಆ ಕಾಲುಚೀಲದ ಮೂಲಕವೇ ಆಗಬೇಕು.

ಕೊನೆಗೆ ಅವರ ಕೈ ಹಿಡಿದದ್ದು ಕಂಪ್ಯೂಟರಿನೊಳಗೇ ಇದ್ದ ಒಂದು ಗುಂಡಿ. ಸುತ್ತಲಿನ ಗದ್ದಲವನ್ನು ಅಳಿಸಿ ಮಾತನ್ನಷ್ಟೇ ಕಳಿಸುವ ಗುಂಡಿ. ಅದನ್ನು ಒತ್ತಿ, ಅಳಿಸುವ ಬಲವನ್ನು ತುದಿಯವರೆಗೆ ಏರಿಸಿದಾಗ ಮಿಲ್ಲು ಮಾಯವಾಯಿತು. ಗೋಡೆ ನಡುಗುತ್ತಿದೆ, ಆ ಕಡೆಯವರಿಗೆ ಮಾತಲ್ಲದೆ ಏನೂ ಕೇಳುತ್ತಿಲ್ಲ. ನೀಲಾಂಬಿಕೆ ಆ ದಿನ ಮನೆಯಲ್ಲಿ ಪಾಯಸ ಮಾಡಿದರು. ಹೊರಗೆ ‘ಸದ್ದಿಲ್ಲದ ಕೋಣೆ’ ಎಂದು ಬೋರ್ಡು ಬರೆಸಿದರು. ಮಿಲ್ಲಿನ ಪಕ್ಕ ಆ ಬೋರ್ಡು ಓದಿ ನಗದವರಿಲ್ಲ, ಆದರೆ ಬೋರ್ಡು ಸುಳ್ಳಾಗಿರಲಿಲ್ಲ. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು.

ತಮ್ಮಯ್ಯ ಮೊದಲ ಸಲ ಬಂದ ದಿನವನ್ನು ನೆನೆದರೆ ನೀಲಾಂಬಿಕೆಯ ಮುಖ ಈಗಲೂ ಸಣ್ಣದಾಗುತ್ತದೆ. ಹೆಂಡತಿ ಚಿಕ್ಕಲಕ್ಷ್ಮಮ್ಮನ ಜೊತೆ ಬಂದಿದ್ದರು. ಕುತ್ತಿಗೆಯ ರಂಧ್ರದ ಮೇಲೆ ಬಿಳಿ ಬಟ್ಟೆ ಕಟ್ಟಿದ್ದರು. ಕುರ್ಚಿಯಲ್ಲಿ ಕೂತು ಜೇಬಿನಿಂದ ಸಣ್ಣ ಟಾರ್ಚಿನಂಥದ್ದೊಂದನ್ನು ತೆಗೆದು ಗಂಟಲಿಗೆ ಒತ್ತಿಕೊಂಡಾಗ ಗುಂಯ್ ಎಂದಿತು. ಸದ್ದು ಎಂದರೆ ಮೈಮೇಲೆ ಬರುವ ಹೆಂಗಸು ನೀಲಾಂಬಿಕೆ. ಅವರ ಬಾಯಿಂದ ತಟ್ಟನೆ ಬಂದ ಮಾತು, "ಅಣ್ಣಾ, ಆ ಮಿಷನ್ ವಸಿ ಆಫ್ ಮಾಡಿ. ಸದ್ದು ಬತ್ತದೆ."

ತಮ್ಮಯ್ಯ ಯಂತ್ರವನ್ನು ಕೆಳಗಿಳಿಸಿದರು. ಚಿಕ್ಕಲಕ್ಷ್ಮಮ್ಮ ಸಿಟ್ಟಾಗಲಿಲ್ಲ. "ಅದೇ ಕಣವ್ವ ಈಗ ಅವ್ರ ಗಂಟ್ಲು" ಎಂದರು, ಅಷ್ಟೇ.

ಭೂಮಿ ಬಾಯಿ ಬಿಟ್ಟಿದ್ದರೆ ಅಲ್ಲೇ ಇಳಿದುಬಿಡುತ್ತಿದ್ದೆ ಎನ್ನುತ್ತಾರೆ ನೀಲಾಂಬಿಕೆ. ಯಾಕೆಂದರೆ ಅದು ಯಾರ ಗಂಟಲು ಎಂದು ಆಗ ಅವರಿಗೆ ನೆನಪಾಗಿತ್ತು. ಕೊಣನೂರಿನಿಂದ ಹೊರಟು ಅರಕಲಗೂಡು, ಹಾಸನ, ಶಾಂತಿಗ್ರಾಮ ಹಾದು ಚನ್ನರಾಯಪಟ್ಟಣ ಸೇರುತ್ತಿದ್ದ ಖಾಸಗಿ ಬಸ್ಸಿನಲ್ಲಿ ತಮ್ಮಯ್ಯ ಕಂಡಕ್ಟರ್ ಆಗಿದ್ದರು, ದಾರಿಯುದ್ದಕ್ಕೂ ಎಲ್ಲರ ಬಾಯಲ್ಲಿ ‘ತಮ್ಮಣ್ಣ’. ಬಸ್ಸು ಕಾಣುವ ಮೊದಲೇ ಅವರ ಕೂಗು ಕೇಳುತ್ತಿತ್ತು. ತವರಿಗೆ ಹೋಗಲು ಮಗು ಎತ್ತಿಕೊಂಡು ಓಡೋಡಿ ಬಂದ ನೀಲಾಂಬಿಕೆಗಾಗಿ ಎಷ್ಟೋ ಸಲ ಬಸ್ಸು ನಿಲ್ಲಿಸಿಕೊಂಡಿದ್ದವರು ಅವರೇ. ಸೊರಗಿ ಅರ್ಧವಾಗಿದ್ದ ಆ ಮುಖದ ಗುರುತು ಸಿಕ್ಕಿರಲಿಲ್ಲ. ದನಿ ಇದ್ದಿದ್ದರೆ ಕತ್ತಲಲ್ಲೂ ಗುರುತು ಹಿಡಿಯುತ್ತಿದ್ದರು.

ಆವತ್ತು ತಮ್ಮಯ್ಯ ಮತ್ತೆ ಯಂತ್ರ ಹಿಡಿದರು, ತುಟಿ ಆಡಿಸಿದರು. ಕೋಣೆಯೊಳಗೆ ಕೂತವರಿಗೆ ಕೇಳಿತು. ಒಂದೇ ಸ್ವರದ, ಏರಿಳಿತವಿಲ್ಲದ, ಆದರೆ ತಿಳಿಯುವಂಥ ಮಾತು. ಪರದೆಯಲ್ಲಿದ್ದ ನೇತ್ರಾಗೆ ಮಾತ್ರ ಏನೂ ಕೇಳಲಿಲ್ಲ. ತಮ್ಮಯ್ಯ ಗಂಟಲಿನ ಯಂತ್ರವನ್ನು ಸರಿಯಾಗಿ ಒತ್ತುತ್ತಿಲ್ಲವೇನೋ ಎಂದು ಅವರು ಅಂದುಕೊಂಡರು, ಒತ್ತುವ ಕ್ರಮ ಮತ್ತೆ ಮತ್ತೆ ತೋರಿಸಿದರು. ಮಿಲ್ಲಿನ ಸದ್ದೇ ಮಾತನ್ನು ನುಂಗುತ್ತಿದೆ ಎಂದು ನೀಲಾಂಬಿಕೆ ಅಂದುಕೊಂಡರು. ಮುಂದಿನ ವಾರ ಇನ್ನೊಂದು ಸುತ್ತು ಕೌದಿ ಬಂತು, ಫ್ಯಾನ್ ನಿಂತಿತು, ಹೊಸ ಮೈಕು ಬಂತು. ಕೋಣೆ ಉತ್ತಮವಾದಷ್ಟೂ ತಮ್ಮಯ್ಯನ ದನಿ ಅಷ್ಟೂ ಇಲ್ಲವಾಯಿತು. ಒಮ್ಮೆ ಬಸವರಾಜು ತಾವಾಗಿಯೇ ಬಂದು, ಬೆಲ್ಟು ಕಟ್ಟಾಗಿ ಮಿಲ್ಲು ನಿಂತಿದೆ, ಈಗಲೇ ಮಾತಾಡಿಸಿ ಎಂದರು. ಮಿಲ್ಲು ನಿಂತರೂ ಹಾಸನಕ್ಕೆ ದನಿ ಹೋಗಲಿಲ್ಲ. ನೀಲಾಂಬಿಕೆಗೆ ತಲೆಬುಡ ತಿಳಿಯದಾಯಿತು.

ಮನೆಯಿಂದಲೇ ಮಾತಾಡಬಹುದಿತ್ತಲ್ಲ ಎನ್ನಬಹುದು. ತಮ್ಮಯ್ಯನ ಊರು ಹೊಳೆಯ ದಂಡೆಯ ತಗ್ಗಿನಲ್ಲಿದೆ, ಅಲ್ಲಿ ಸಿಗ್ನಲ್ ಮರ ಹತ್ತಿದರೂ ಸಿಗದು. ಬಸ್ಸಿನಲ್ಲಿ ಹಾಸನಕ್ಕೆ ಹೋಗಬಹುದಿತ್ತಲ್ಲ ಎಂದರೆ ಅದೂ ಆಗದು. ಡ್ರೈವರು, ಕ್ಲೀನರು, ಕಿಟಕಿ ಪಕ್ಕ ಕೂತವರು ಎಲ್ಲರೂ ಗುರುತಿನವರು. ಮಾತಾಡಿಸುತ್ತಾರೆ, ಇವರು ಬಾಯಿ ಬಿಡಲಾರರು. ಆಪರೇಷನ್ ಮುಗಿಸಿ ಬಂದ ದಿನ ಹಾಗೆ ಆಯಿತೆಂದು, ಆಮೇಲೆ ಬಸ್ಸಿನ ಹೆಸರೆತ್ತಿದರೆ ಮುಖ ತಿರುಗಿಸುತ್ತಾರೆ.

ಒಂದು ವಾರ ತಮ್ಮಯ್ಯ ಬರಲೇ ಇಲ್ಲ. ಚಿಕ್ಕಲಕ್ಷ್ಮಮ್ಮ ಒಬ್ಬರೇ ಸಂತೆಗೆ ಬಂದವರು ಬಾಗಿಲಲ್ಲಿ ನಿಂತು ಹೇಳಿದರು. "ಮಿಷನ್ನ ರಾಗಿ ಡ್ರಮ್ಮಿಗೆ ಆಕ್ಬುಟ್ಟವ್ರೆ ಕಣವ್ವ. ಕಂಪ್ಯೂಟ್ರಿಗೇ ನನ್ ದನಿ ಬ್ಯಾಡ್ವಂತೆ, ಇನ್ಯಾರಿಗ್ ಬೇಕು ಅಂತ ಸ್ಲೇಟಲ್ಲಿ ಬರ್ದು ತೋರುಸ್ತಾರೆ." ಮನೆಯಲ್ಲಿ ಈಗ ಬೆರಳು ತೋರಿಸಿಯೇ ಎಲ್ಲ ನಡೆಯುತ್ತಿದೆ ಎಂದೂ ಹೇಳಿದರು.

ನೀಲಾಂಬಿಕೆ ಅಂಗಡಿ ಮುಚ್ಚಿ ಗಂಡನ ಆಟೋದಲ್ಲಿ ಅವರ ಊರಿಗೆ ಹೋದರು. ಇನ್ನೊಂದು ಸಲ ಬನ್ನಿ ಎಂದು ಕೇಳಿಕೊಂಡರು. ಸರಿಮಾಡಿದ್ದು ಮಾತ್ರ ಇನ್ನೂ ಏನೂ ಇರಲಿಲ್ಲ. ಪುಣ್ಯಕ್ಕೆ ಏನು ಸರಿಮಾಡಿದೆ ಎಂದು ತಮ್ಮಯ್ಯ ಕೇಳಲಿಲ್ಲ, ಬಂದರು.

ಬಂದ ದಿನವೇ ಕರೆಂಟ್ ಹೋಯಿತು. ಮಿಲ್ಲು ನಿಂತಿತು, ಒಳ್ಳೆಯ ಕಂಪ್ಯೂಟರ್ ಕಣ್ಣುಮುಚ್ಚಿತು. ಬೇರೆ ದಾರಿ ಕಾಣದೆ ನೀಲಾಂಬಿಕೆ ಮೂಲೆಯಲ್ಲಿದ್ದ ಹಳೇ ಲ್ಯಾಪ್‌ಟಾಪ್ ತೆಗೆದರು, ಮೊಬೈಲಿನ ಇಂಟರ್ನೆಟ್ ಸೇರಿಸಿದರು. ಕೀಲಿಗಳು ಕಿತ್ತುಹೋದ, ಗದ್ದಲ ಅಳಿಸುವುದಿರಲಿ, ಸ್ವಂತ ಫ್ಯಾನಿನ ಗದ್ದಲವನ್ನೇ ಸೇರಿಸಿ ಕಳಿಸುವ ಡಬ್ಬ ಅದು. ತಮ್ಮಯ್ಯ ಮನಸ್ಸಿಲ್ಲದ ಮನಸ್ಸಿನಿಂದ ಯಂತ್ರ ಒತ್ತಿದರು. ಆ ಕಡೆ ನೇತ್ರಾ ತಲೆಯೆತ್ತಿ, ಕೇಳಿಸಿತು, ಏನೋ ಕೇಳಿಸಿತು ಎಂದರು. ಎರಡು ಮಾತು ಆಗಿತ್ತೋ ಇಲ್ಲವೋ, ಲ್ಯಾಪ್‌ಟಾಪಿನ ಬ್ಯಾಟರಿ ಮುಗಿಯಿತು.

"ಒಳ್ಳೇದ್ರಲ್ಲಿ ಕೇಳ್ದೆ ಇದ್ದದ್ದು ಕೆಟ್ಟೋಗಿರದ್ರಲ್ಲಿ ಎಂಗೆ ಕೇಳ್ತು?" ಎಂದು ನೀಲಾಂಬಿಕೆ ಆ ವಾರವೆಲ್ಲ ಸಿಕ್ಕವರನ್ನು ಕೇಳಿದರು. ಕರೆಂಟ್ ಇಲ್ಲದಿದ್ದರೆ ಮಾತ್ರ ಅವರ ಮಾತು ಹೋಗುತ್ತದೆಯೇ ಎಂದೂ ಯೋಚಿಸಿದರು. ಒಂದು ದಿನ ಬೇಕೆಂದೇ ಮೇನ್ ಸ್ವಿಚ್ ಆರಿಸಿ, ಕತ್ತಲಲ್ಲಿ ಒಬ್ಬರೇ ಕೂತು, ತಮ್ಮಯ್ಯನೇ ಇಲ್ಲದೆ ಯಾರ ದನಿ ಕಳಿಸಿ ನೋಡುವುದು ಎಂದು ಹೊಳೆದು ತಮಗೆ ತಾವೇ ನಕ್ಕರು. ಕೊನೆಗೆ ನೇತ್ರಾಗೇ ಫೋನ್ ಮಾಡಿದರು. ನೇತ್ರಾಗೂ ತಿಳಿಯದೆ, ತಿಳಿದವರನ್ನು ವಿಚಾರಿಸಿ ಹೇಳಿದರು. ಜನರ ಮಾತು ಏರುತ್ತದೆ, ಇಳಿಯುತ್ತದೆ. ಒಂದೇ ಸಮನೆ ಗುಂಯ್‌ಗುಡುವುದನ್ನು ಕಂಪ್ಯೂಟರ್ ಗದ್ದಲ ಎಂದುಕೊಂಡು ಅಳಿಸಿಹಾಕುತ್ತದೆ. ತಮ್ಮಯ್ಯನ ಹೊಸ ದನಿ ಒಂದೇ ಸಮನೆ ಬರುವ ದನಿ. ಅದನ್ನು ಕಂಪ್ಯೂಟರ್ ಮಿಲ್ಲು ಎಂದುಕೊಂಡಿತ್ತು.

ಪಾಯಸ ಮಾಡಿ ಕೊಂಡಾಡಿದ ಗುಂಡಿಯೇ ಇಷ್ಟು ದಿನ ತಮ್ಮಯ್ಯನ ಬಾಯಿ ಮುಚ್ಚಿಸಿತ್ತು. ಗುಂಡಿ ಆರಿಸಿದರೆ ತಮ್ಮಯ್ಯ ಬರುತ್ತಾರೆ, ಅವರ ಹಿಂದೆ ಮಿಲ್ಲೂ ಬರುತ್ತದೆ, ಬಂದು ಅವರನ್ನು ಮುಳುಗಿಸುತ್ತದೆ. ನೇತ್ರಾಗೆ ಬಿಡುವಿರುವುದು ಸಂತೆಯ ದಿನ ಮಾತ್ರ. ಹಾಗಾಗಿ ಬಸವರಾಜು ಮುಂದೆ ಕೈ ಮುಗಿಯುವುದೊಂದೇ ಉಳಿದಿತ್ತು. ಹಳ್ಳಿಯವರು ಬಸ್ ಹಿಡಿಯಬೇಕು, ನಿಂತ ಮಿಲ್ಲು ನೋಡಿ ಇನ್ನೊಂದು ಮಿಲ್ಲಿಗೆ ಹೋಗುತ್ತಾರೆ ಎನ್ನುವುದು ಬಸವರಾಜು ಕಷ್ಟ. ಅದೂ ಸುಳ್ಳಲ್ಲ. ಆ ನೋಡಣ ಹುಟ್ಟಿದ್ದು ಹೀಗೆ.

ಈಗ ಹತ್ತು ಗಂಟೆ ಹತ್ತಿರವಾಗಿದೆ. ತಮ್ಮಯ್ಯ ಬಂದು ಕೂತಿದ್ದಾರೆ. ಡ್ರಮ್ಮಿನಿಂದ ತೆಗೆದ ಮೇಲೆ ಚಿಕ್ಕಲಕ್ಷ್ಮಮ್ಮ ಎಷ್ಟು ಒರೆಸಿದ್ದರೂ ಯಂತ್ರದ ಸಂದಿಯಲ್ಲಿ ಇನ್ನೂ ಒಂದು ರಾಗಿಕಾಳು ಕಾಣುತ್ತಿದೆ. ಪರದೆಯಲ್ಲಿ ನೇತ್ರಾ ಕಾಯುತ್ತಿದ್ದಾರೆ. ಗದ್ದಲ ಅಳಿಸುವ ಗುಂಡಿಯನ್ನು ನೀಲಾಂಬಿಕೆ ಆರಿಸಿದ್ದಾರೆ. ಫ್ಯಾನ್ ನಿಲ್ಲಿಸಿದ ಕೋಣೆಗೆ ಗಾಳಿ ಬರಲಿ ಎಂದು ಕಿಟಕಿಯ ಗೋಣಿಚೀಲವನ್ನೂ ಇಳಿಸಿದ್ದಾರೆ. ಮಿಲ್ಲು ಮಾತ್ರ ಎಂದಿನಂತೆ ಅಬ್ಬರಿಸುತ್ತಿದೆ. ನೀಲಾಂಬಿಕೆ ಹೊರಗೆ ಬಂದು ಮಿಲ್ಲಿನ ಬಾಗಿಲಲ್ಲಿ ನಿಲ್ಲುತ್ತಾರೆ. ಬಸವರಾಜು ತಲೆಯೆತ್ತಿ ನೋಡುವುದಿಲ್ಲ. ಮಿಲ್ಲಿನ ಬಾಯಿಗೆ ಸುರಿದ ರಾಗಿ ಪೂರ್ತಿ ಬೀಸಿ ಮುಗಿಯದೆ ನಿಲ್ಲಿಸುವಂತಿಲ್ಲ, ನಡುವೆ ನಿಲ್ಲಿಸಿದರೆ ಕಲ್ಲಿನೊಳಗೆ ಸಿಕ್ಕಿಕೊಂಡ ಹಿಟ್ಟು ಯಾರದೆಂದು ಜಗಳ. ಹಿಟ್ಟು ತೆಳ್ಳಗಾಗುತ್ತಾ ಬರುತ್ತದೆ. ಮುಂದಿನ ಹೆಂಗಸು ತನ್ನ ಚೀಲ ಎತ್ತುತ್ತಾಳೆ. ಬಸವರಾಜು ಆ ಚೀಲವನ್ನು ಕೈಯಲ್ಲಿ ತಡೆದು ಸ್ವಿಚ್ಚು ಇಳಿಸುತ್ತಾರೆ.

ಬೆಲ್ಟು ನಿಧಾನವಾಗಿ ಸುತ್ತಿ ನಿಲ್ಲುತ್ತದೆ. ಸಂತೆಯ ಬೀದಿಗೆ ಇದ್ದಕ್ಕಿದ್ದಂತೆ ಏನೋ ಕಳೆದುಹೋದಂತಾಗುತ್ತದೆ. ಕರೆಂಟ್ ಹೋಯಿತಾ ಎಂದು ಸಾಲಿನಲ್ಲಿದ್ದವರು ಕೇಳುತ್ತಾರೆ. "ಕರೆಂಟ್ ಐತೆ. ಒಳಗೆ ತಮ್ಮಣ್ಣ ಮಾತಾಡ್ತಾವ್ರೆ, ವಸಿ ಸುಮ್ಕಿರ್ರವ್ವ" ಎನ್ನುತ್ತಾರೆ ಬಸವರಾಜು. ಯಾವ ತಮ್ಮಣ್ಣ ಎಂದು ಯಾರೂ ಕೇಳುವುದಿಲ್ಲ. ಚೀಲಗಳನ್ನು ಅಲ್ಲೇ ಇಟ್ಟು ಒಬ್ಬೊಬ್ಬರಾಗಿ ಕಿಟಕಿಯ ಹತ್ತಿರ ಬರುತ್ತಾರೆ.

ತಮ್ಮಯ್ಯ ಯಂತ್ರವನ್ನು ಗಂಟಲಿಗೆ ಒತ್ತುತ್ತಾರೆ. ಹೆಸರು ಹೇಳುತ್ತಾರೆ. ನೇತ್ರಾ ಕ್ಷಣ ಹೊತ್ತು ಮುಂದಕ್ಕೆ ಬಾಗಿ, ಕೇಳಿಸಿತು, ಚೆನ್ನಾಗಿ ಕೇಳಿಸಿತು ಎನ್ನುತ್ತಾರೆ. ನೀವು ದಿನಾ ಹೇಳುತ್ತಿದ್ದುದು ಏನಾದರೂ ಹೇಳಿ, ಬಾಯಿಗೆ ರೂಢಿಯಾದದ್ದು ಸುಲಭ ಎನ್ನುತ್ತಾರೆ. ತಮ್ಮಯ್ಯ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ.

"ಅರ್ಕಲ್ಗೂಡು, ಆಸ್ನ, ಸಾಂತಿಗ್ರಾಮ, ಚನ್ರಾಯ್ಪಟ್ಣ."

ಏರಿಳಿತವಿಲ್ಲದ ಗುಂಯ್ ದನಿ. ಆದರೆ ಊರುಗಳ ನಡುವಿನ ಬಿಡುವು ಅದೇ, ಕೊನೆಯ ಊರನ್ನು ಎಳೆಯುವ ರೀತಿ ಅದೇ. ಕಿಟಕಿಯ ಹತ್ತಿರ ನಿಂತಿದ್ದ ಮುದುಕಿಯೊಬ್ಬರು ಸೆರಗು ಸರಿಮಾಡಿಕೊಂಡು ಒಳಗೆ ಇಣುಕುತ್ತಾರೆ.

"ಸಾಂತಿಗ್ರಾಮ್ದಲ್ಲಿ ನಿಲ್ಸೀಯಾ ತಮ್ಮಣ್ಣ?"

ತಮ್ಮಯ್ಯ ಕಂಪ್ಯೂಟರ್ ಮರೆತು ಕಿಟಕಿಯ ಕಡೆ ತಿರುಗುತ್ತಾರೆ. ಯಂತ್ರ ಮಾತ್ರ ಗಂಟಲಲ್ಲೇ ಇದೆ. "ನಿಲ್ಸ್ತೀನಿ. ಅತ್ಕೋ ಅವ್ವ."

ಹಿಂದೆ ಯಾರೋ ಬಸ್ಸು ಕೇಳುತ್ತಿದ್ದಾರಲ್ಲ ಎಂದು ಹಾಸನದಿಂದ ನೇತ್ರಾ ನಗುತ್ತಾರೆ. ಮುಂದಿನ ಸಂತೆಗೂ ಪಾಠ ಇಲ್ಲೇ ಇರಲಿ ಎನ್ನುತ್ತಾರೆ. ಚಿಕ್ಕಲಕ್ಷ್ಮಮ್ಮ ಗೋಡೆಯ ಕೌದಿಯನ್ನು ಹಿಡಿದುಕೊಂಡು ಅಳುತ್ತಿದ್ದಾರೆ. ನೀಲಾಂಬಿಕೆ ಹೆಡ್‌ಫೋನ್ ಗಟ್ಟಿಯಾಗಿ ಒತ್ತಿಕೊಂಡು ಕೂತಿದ್ದಾರೆ. ಅದರಲ್ಲಿ ಮುದುಕಿಯ ಮಾತು, ಬೀದಿಯ ಹಾರ್ನ್, ಕಾಗೆ, ಕುರ್ಚಿಯ ಕಿರುಗುಟ್ಟುವಿಕೆ, ತಮ್ಮಯ್ಯ, ಎಲ್ಲವೂ ಒಟ್ಟಿಗೆ ಬರುತ್ತಿವೆ. ಅವರ ಲೆಕ್ಕದಲ್ಲಿ ಇಷ್ಟು ಕೆಟ್ಟ ಸೌಂಡು ಈ ಕೋಣೆಯಿಂದ ಎಂದೂ ಹೋಗಿಲ್ಲ. ಅವರು ಕಣ್ಣು ಒರೆಸಿಕೊಳ್ಳುತ್ತಾರೆ.

ಪಾಠ ಮುಗಿಸಿ ತಮ್ಮಯ್ಯ ಹೊರಗೆ ಬರುತ್ತಾರೆ. ಹೆಂಗಸರು ದಾರಿ ಬಿಡುತ್ತಾರೆ. ಬಸವರಾಜು ಸ್ವಿಚ್ಚಿನ ಮೇಲೆ ಕೈ ಇಟ್ಟು ಇವರ ಮುಖವನ್ನೇ ನೋಡುತ್ತಿದ್ದಾರೆ. ತಮ್ಮಯ್ಯ ಕುತ್ತಿಗೆಯ ಬಟ್ಟೆಯನ್ನು ಹಿಟ್ಟಿನ ಧೂಳಿಗೆ ಅಡ್ಡವಾಗಿ ಸರಿಮಾಡಿಕೊಂಡು, ಯಂತ್ರ ಒತ್ತಿ "ರೈಟ್" ಎನ್ನುತ್ತಾರೆ. ಮಿಲ್ಲು ಹೊರಡುತ್ತದೆ.

ಬೋರ್ಡು ಅಳಿಸುತ್ತೀರಾ ಎಂದು ಕೇಳಿದರೆ ನೀಲಾಂಬಿಕೆ ಗೊತ್ತಿಲ್ಲ ಎನ್ನುತ್ತಾರೆ. ಆ ಗುಂಡಿ ಒಳ್ಳೆಯದೋ ಕೆಟ್ಟದ್ದೋ ಅದೂ ತಿಳಿಯುತ್ತಿಲ್ಲ, ಅದಿಲ್ಲದೆ ಇಲ್ಲಿ ಬದುಕು ನಡೆಯುವುದಿಲ್ಲ. "ಸದ್ದು ಯಾವ್ದು, ಮನುಸ್ರು ಯಾವ್ದು ಅಂತ ಅದಕ್ ಗೊತ್ತಾಗಾಕಿಲ್ಲ. ನಂಗೂ ಅವತ್ತು ಗೊತ್ತಾಗ್ಲಿಲ್ವಲ್ಲ" ಎನ್ನುತ್ತಾರೆ. ಅಷ್ಟರಲ್ಲಿ ಕೆಲಸದ ಸಂದರ್ಶನಕ್ಕೆಂದು ಅನುಶ್ರೀ ಎಂಬ ಹುಡುಗಿ ಬಂದು ಕುರ್ಚಿಯಲ್ಲಿ ಕೂರುತ್ತಾಳೆ. ಗೋಡೆ ನಡುಗುವುದನ್ನು ನೋಡಿ ಗಾಬರಿಯಾಗಿ, ಅಕ್ಕಾ, ಆ ನಾಯ್ಸ್ ಗುಂಡಿ ಒತ್ತಿಬಿಡಿ ಎನ್ನುತ್ತಾಳೆ. ನೀಲಾಂಬಿಕೆ ಹೆಡ್‌ಫೋನ್ ಏರಿಸಿಕೊಂಡು ಅವಳ ಮುಂದೆ ಮೈಕು ಸರಿಸುತ್ತಾರೆ.

"ಒತ್ತೀನಿ ಇರವ್ವ. ಮೊದ್ಲು ನೀನ್ ಮಾತಾಡು, ಕೇಳ್ತೀನಿ."